ಗಾಣದ ಮುಂದೆ ಕೂತವಳು

ಆ ಅಜ್ಜಿ ಎಣ್ಣೆ ಕ್ಯಾನು ಹಿಡಿದುಕೊಂಡು ಬಂದದ್ದು ಒಂದು ಮಂಗಳವಾರ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಮಂಗಳವಾರ ನಮ್ಮ ಗಾಣಕ್ಕೆ ರಜೆ. ಅವತ್ತು ಮಂಗಳವಾರವಾಗಿರಲು ಸಾಧ್ಯವೇ ಇಲ್ಲ. ಹೇಳಿ ಹೇಳಿ ಆ ದಿನ ನುಣುಪಾಗಿಬಿಟ್ಟಿದೆ. ಈಗ ಬರೆಯುವಾಗ ನುಣುಪಾಗಿರುವ ಕಡೆಯಲ್ಲೆಲ್ಲ ನನಗೆ ಅನುಮಾನ.

ಅನುಮಾನವಿಲ್ಲದ್ದು ಗಾಣ. ಚನ್ನರಾಯಪಟ್ಟಣದಲ್ಲಿ, ಬಸ್ಸಿಳಿದು ಚೀಲ ಹೊತ್ತು ನಡೆದು ಬರುವಷ್ಟು ದೂರದಲ್ಲಿ, ತಗಡಿನ ಶೀಟು ಹೊದಿಸಿದ ಮಳಿಗೆ. ಬಾಗೆ ಮರದ ಒರಳು, ಮರದ ಒನಕೆ, ಎತ್ತಿನ ಬದಲು ಮೋಟರು. ನಮ್ಮ ಕಡೆಯವರು ನನ್ನಲ್ಲಿಗೆ ಎಣ್ಣೆ ಕೊಳ್ಳಲು ಬರುವುದಿಲ್ಲ, ಆಡಿಸಿಕೊಳ್ಳಲು ಬರುತ್ತಾರೆ. ಅಟ್ಟದಿಂದ ಇಳಿಸಿದ ಕೊಬ್ಬರಿಯಲ್ಲಿ ದುಂಡಗಿರುವುದು ಮಾರ್ಕೆಟ್ಟಿಗೆ ಹೋಗುತ್ತದೆ. ಒಡೆದದ್ದು, ಬಣ್ಣಗೆಟ್ಟದ್ದು ಚೀಲದಲ್ಲಿ ಗಾಣಕ್ಕೆ ಬರುತ್ತದೆ. ತಂದವರು ಬೆಂಚಿನ ಮೇಲೆ ಕೂರುತ್ತಾರೆ. ತಮ್ಮ ಕೊಬ್ಬರಿ ಒರಳಿಗೆ ಬಿದ್ದ ಹೊತ್ತಿನಿಂದ ಎಣ್ಣೆಯೆಲ್ಲ ಕ್ಯಾನಿಗೆ ಇಳಿಯುವವರೆಗೆ, ಒಂದೂವರೆ ಗಂಟೆ, ಕದಲುವುದಿಲ್ಲ. ಹಿಂಡಿಯನ್ನು ಕೂಲಿಯಾಗಿ ಬಿಟ್ಟು ಹೋಗುತ್ತಾರೆ. ಅಷ್ಟು ಹೊತ್ತೂ ಗಾಣವನ್ನು ನೋಡುತ್ತಾರೆ, ಗಾಣದ ಮುಂದೆ ಸ್ಟೂಲಿನ ಮೇಲೆ ಕೂತ ನನ್ನನ್ನೂ ನೋಡುತ್ತಾರೆ. ನಾನು ಎದ್ದರೆ ಬೆಂಚಿನಲ್ಲಿ ಮಾತು ನಿಲ್ಲುತ್ತದೆ. "ಎಲ್ಲಿಗೋಯ್ತಾ ಇದೀಯವ್ವ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಏಳು ವರ್ಷ ಹೀಗೆ ಕೂತೆ. ತಂಗಿಯ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ, ಎರಡನೇ ಪಂಕ್ತಿ ಎದ್ದೇಳುವ ಮೊದಲೇ ವಾಪಸು ಬಂದಿದ್ದೆ. ಕಾಲು ಊದಿಕೊಂಡಾಗ ಡಾಕ್ಟರು ದಿನಕ್ಕೆ ಒಂದು ಗಂಟೆ ನಡೆಯಿರಿ ಎಂದರು. ಗಾಣದ ಸುತ್ತ ನಡೆದೆ. ಬೆಂಚಿನವರು ನಕ್ಕರು.

ಹಾಸನದಲ್ಲಿ ಸಣ್ಣ ಉದ್ದಿಮೆ ನಡೆಸುವವರಿಗೆ ಮೂರು ದಿನದ ತರಬೇತಿ ಇದೆ ಎಂದು ಗಂಡ ಹೇಳಿದಾಗ ಬೀಗ ಹಾಕಿ ಹೋದೆ. ಪಾಠ ಹೇಳಲು ಬಂದವರು ಮೊದಲೇ ಕೇಳಿದ್ದು: "ನೀವು ಒಂದು ತಿಂಗಳು ಹಾಸಿಗೆ ಹಿಡಿದರೂ ನಿಮ್ಮ ವ್ಯಾಪಾರ ನಡೆಯುತ್ತದೆ ಅನ್ನುವವರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಹಿಂದಿನಿಂದ ಒಬ್ಬ, "ಆಸಿಗೆ ಇಡಿಯಾಕೂ ಪುರುಸೊತ್ತಿಲ್ಲ ಸಾ" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಪಾಠದವರು ನಗಲಿಲ್ಲ. ನೀವಿಲ್ಲದೆ ನಡೆಯದಿದ್ದರೆ ಅದು ಬೆಳೆಯುವುದೂ ಇಲ್ಲ, ಬಾಳುವುದೂ ಇಲ್ಲ ಎಂದರು. ಬೇರೆ ಏನೇನು ಹೇಳಿದರೋ, ನೋಟ್ ಪುಸ್ತಕದಲ್ಲಿದೆ. ನೆನಪಿನಲ್ಲಿರುವುದು ನನ್ನ ಕೈ ಮಾತ್ರ. ತೊಡೆಯ ಮೇಲಿಂದ ಅದು ಏಳಲೇ ಇಲ್ಲ.

ಯೋಜನೆ ಬಸ್ಸಿನಲ್ಲೇ ಆಯಿತು. ಹೊಳೆನರಸೀಪುರದಲ್ಲಿ ಇನ್ನೊಂದು ಗಾಣ. ಎರಡನ್ನೂ ಕೆಲಸದವರು ನಡೆಸಬೇಕು, ನಾನು ಓಡಾಡಿಕೊಂಡು ನೋಡಬೇಕು. ಓಡಾಡಿಕೊಂಡು ಎನ್ನುವ ಮಾತೇ ಹಿತವಾಗಿತ್ತು. ನನ್ನ ಜೊತೆ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿದ್ದಳು. ಮೊಸಳೆ ಎಂಬ ಊರಿನಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು. ಒನಕೆ ತಿರುಗುವ ಸದ್ದು ಕೇಳಿಯೇ ಎಣ್ಣೆ ಬಿಡುವ ಹೊತ್ತು ಹೇಳಬಲ್ಲವಳು. ಇಲ್ಲಿನ ಗಾಣ ಅವಳಿಗೆ ಒಪ್ಪಿಸುವುದೆಂದು ಲೆಕ್ಕ ಹಾಕಿದೆ.

ಗಾಣ ಮಾಡಿಸಲು ಇಬ್ಬರೂ ಅರಕಲಗೂಡಿನ ಬಡಗಿಯ ಹತ್ತಿರ ಹೋದೆವು. ಆತ ಮರಕ್ಕೆ ಅಳತೆಗೋಲು ಇಟ್ಟುಕೊಂಡೇ, "ಒಂದ್ರ ಮುಂದೆ ಕೂತ್ಕಂಡು ಸಾಕಾಯ್ತು ಅಂತೀರಿ, ಎಲ್ಡನೇದು ಯಾತಕ್ಕವ್ವ?" ಎಂದ.

"ಅದ್ರ ಮುಂದೆ ನಾನು ಕೂರಲ್ಲ."

"ಮತ್ಯಾರು, ಗಾಣವೇ ಕೂತ್ಕತದಾ?"

ಜೊತೆಗಾತಿ ನಕ್ಕಳು. ನಾನೂ ನಕ್ಕೆ, ನಿಂತುಕೊಂಡೇ ಮುಂಗಡ ಕೊಟ್ಟೆ.

ಅವಳೊಬ್ಬಳೇ ನಡೆಸುವುದಾದರೆ ಕೆಲಸ ಸುಲಭವಾಗಬೇಕಲ್ಲ. ಅದಕ್ಕೆ ನಾನೊಂದು ಪೀಪಾಯಿ ತಂದೆ. ಬಂದವರ ಕೊಬ್ಬರಿಯನ್ನೆಲ್ಲ ತೂಗಿ ಒಟ್ಟಿಗೆ ಹಾಕುವುದು, ತೂಕಕ್ಕೆ ಸರಿಯಾದ ಎಣ್ಣೆಯನ್ನು ಪೀಪಾಯಿಯಿಂದ ಆಗಲೇ ಕೊಟ್ಟು ಕಳಿಸುವುದು. ಯಾರಿಗೂ ಮುಚ್ಚಿಡಲಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬೈಕಿನಲ್ಲಿ ಬರುವ ಗಂಡಸರಿಗೆ ಬಹಳ ಸಂತೋಷವಾಯಿತು. ಹತ್ತು ನಿಮಿಷದ ಕೆಲಸ. ಬೆಂಚು ಖಾಲಿಯಾಯಿತು. ನಾನು ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ, ಬೇಕೆಂದೇ ಎರಡು ಬೀದಿ ಸುತ್ತಿ ಬರತೊಡಗಿದೆ.

ಆಗ ಬಂದಳು ಅಜ್ಜಿ. ನುಗ್ಗೇಹಳ್ಳಿಯಿಂದಾಚೆಯ ಊರು. ಮಗನ ಕೈಯಲ್ಲಿ ಕೊಬ್ಬರಿ ಕಳಿಸಿದ್ದಳಂತೆ. ಕ್ಯಾನನ್ನು ಬೆಂಚಿನ ಮೇಲೆ ಕುಕ್ಕಿ, "ಇದು ನಮ್ಮನೆ ಎಣ್ಣೆ ಅಲ್ಲ ಕಣವ್ವ" ಎಂದಳು.

"ಅಳತೆ ಕಮ್ಮಿ ಬಂತಾ ಅಜ್ಜಿ?"

"ಜಾಸ್ತಿನೇ ಬಂದದೆ. ಅದ್ಕೇ ಅನುಮಾನ ಬಂದಿದ್ದು."

ಬೆರಳದ್ದಿ ನನ್ನ ಮೂಗಿಗೇ ಹಿಡಿದಳು. "ಒಗೆ ವಾಸ್ನೆ ಅದಾ ನೋಡು. ನಮ್ಮ ಅಟ್ಟದ ಕೆಳಗೆ ಒಲೆ ಉರೀತದೆ. ಇದ್ಯಾವುದೋ ಗ್ಯಾಸಿನ ಮನೆ ಕೊಬ್ರಿ. ಕೂಸಿಗೆ ತಲೆಗೆ ಒತ್ತೋ ಎಣ್ಣೆ ಕಣವ್ವ. ಮೂರು ದಿನ ಒತ್ಬುಟ್ಟೆ, ಯಾರ ಮನೇದೋ ಏನೋ!"

ಗೋಡೆಯ ಕಡೆ ಕೈ ತೋರಿಸಿ, ಬರೆದಿದೆಯಲ್ಲ ಎಂದೆ. ಅವಳು ಗೋಡೆ ನೋಡಲಿಲ್ಲ.

"ಅದಿರ್ಲಿ. ನಮ್ಮನೆ ಎಣ್ಣೆ ಯಾರ್ಯಾರ ಮನೆಗೆ ಓಯ್ತು? ಅದೇಳು."

ಇದಕ್ಕೆ ನಾನು ಕೊಟ್ಟ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆ. ಒಂದು ಸಲ ಜಾಣತನದಿಂದ ಉತ್ತರಿಸಿದೆ ಎಂದು ಹೇಳಿಕೊಂಡಿದ್ದೇನೆ, ಇನ್ನೊಂದು ಸಲ ಅತ್ತುಬಿಟ್ಟೆ ಎಂದು. ಜೊತೆಗಾತಿ ಹೇಳುವಂತೆ ನಾನು ಪೀಪಾಯಿಯ ಮುಚ್ಚಳ ತೆಗೆದು ಒಳಗೆ ನೋಡಿದೆ, ಅಷ್ಟೆ. ಅಜ್ಜಿಯ ಕೊಬ್ಬರಿಯ ಎಣ್ಣೆ ಅಲ್ಲಿಂದ ಎಷ್ಟೋ ಕ್ಯಾನುಗಳಿಗೆ ಹೋಗಿ ಎಷ್ಟೋ ತಲೆಗಳಿಗೆ ಸೇರಿಯಾಗಿತ್ತು. ವಾಪಸು ಕೊಡಲು ಏನೂ ಇರಲಿಲ್ಲ.

ಹದಿನೈದು ದಿನದಲ್ಲಿ ಗಾಣ ಖಾಲಿ ಹೊಡೆಯಿತು. ಅದೇ ಬಸ್ಸುಗಳಲ್ಲಿ ಓಡಾಡುವ ಜನ, ಸುದ್ದಿ ಹರಡಲು ಮತ್ತೇನು ಬೇಕು? ಪೀಪಾಯಿ ಮಾರಿದೆ. ಗೋಡೆಯ ಕಾಗದ ಕಿತ್ತೆ. ಒಬ್ಬೊಬ್ಬರೇ ತಿರುಗಿ ಬಂದರು, ಬಾಗಿಲಲ್ಲೇ ನಿಂತು ಮಾತು ತೆಗೆದುಕೊಂಡು. "ನೀನು ಕೂತಿದ್ರೆ ಆಕ್ತೀವಿ. ಕೆಲಸದೋಳ ಮೇಲೆ ಬುಟ್ಟು ಓಗಂಗಿಲ್ಲ." ಕೂತೆ. ಮೊದಲು ನೀರು ಕುಡಿಯಲು ಏಳಬಹುದಿತ್ತು, ಈಗ ಅದಕ್ಕೂ ಕತ್ತೆತ್ತಿ ನೋಡುತ್ತಿದ್ದರು.

ಅಷ್ಟರಲ್ಲಿ ಅರಕಲಗೂಡಿನಿಂದ ಎರಡನೇ ಗಾಣ ಬಂದು ಹೊಳೆನರಸೀಪುರದ ಮಳಿಗೆಯಲ್ಲಿ ಕೂತಿತ್ತು. ನಾನು ಹೋಗುವಂತಿರಲಿಲ್ಲ. ಜೊತೆಗಾತಿಯನ್ನು ಕಳಿಸಿದೆ. ದಿನಾ ಮೊದಲ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ವಾರ ಕಳೆದ ಮೇಲೆ, ಬೀಗದ ಕೈ ಕೈಯಲ್ಲೇ ಇಟ್ಟುಕೊಂಡು ನಿಂತಳು.

"ಅಕ್ಕ, ಗಾಣ ಯಾರ್ದು ಅಂತಾರೆ. ಚನ್ರಾಯಪಟ್ಣದ ಅಕ್ಕಂದು ಅಂದ್ರೆ ಚೀಲ ಎತ್ಕಂಡು ಓಯ್ತಾರೆ."

"ಮತ್ತೆ ಏನಂದೆ?"

"ನಂದೇ ಅಂದೆ. ಬೈಬ್ಯಾಡಿ."

ಬೈಯಲಿಲ್ಲ. ಸುಳ್ಳಿನಿಂದಲಾದರೂ ಗಾಣ ತಿರುಗಲಿ, ಜನ ಒಗ್ಗಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಈ ಬಿಡುಗಡೆಯ ಆಸೆಯನ್ನು ನಾನು ಇನ್ನೂ ಕೈ ಬಿಟ್ಟಿರಲಿಲ್ಲ.

ಎರಡು ತಿಂಗಳ ಮೇಲೆ, ನಮ್ಮ ರಜೆಯ ದಿನ, ಹೊಳೆನರಸೀಪುರಕ್ಕೆ ಹೋದೆ. ಆ ಗಾಣ ತಿರುಗುವುದನ್ನು ನಾನು ನೋಡಿದ್ದು ಅದೇ ಮೊದಲು. ಬೆಂಚಿನಲ್ಲಿ ಮೂವರು. ಅವಳು ಸ್ಟೂಲಿನ ಮೇಲೆ. ನನ್ನನ್ನು ಕಂಡು ಅರ್ಧ ಎದ್ದಳು, ಮೂವರೂ ಅವಳತ್ತ ತಿರುಗಿದ್ದು ನೋಡಿ ಮತ್ತೆ ಕೂತಳು.

"ಬನ್ನಿ ಅಕ್ಕ, ಕೂತ್ಕಳಿ" ಎಂದು ಬೆಂಚು ತೋರಿಸಿದಳು.

ಅಂಚಿನಲ್ಲಿದ್ದವನು ಜರುಗಿ ಜಾಗ ಕೊಟ್ಟ. "ಎಲ್ಲವ್ವ ನಿಮ್ ಚೀಲ?"

"ನೋಡಕ್ ಬಂದೆ."

"ನೋಡ್ಕಳಿ, ನೋಡ್ಕಳಿ. ಚನ್ರಾಯಪಟ್ಣದಲ್ಲಿ ಎಲ್ಲಾರ್ದೂ ಕಲ್ಸ್‌ಬುಡ್ತಾರಂತೆ, ನಮ್ ಬೀಗ್ರು ಅಂದ್ರು. ಇಲ್ಲಿ ಅಂಗಿಲ್ಲ. ಗಾಣದೋಳೇ ಮುಂದೆ ಕೂತಿರ್ತಾಳೆ." ಆಮೇಲೆ ದನಿ ತಗ್ಗಿಸಿದ. ಆದರೂ ಮಳಿಗೆಗೆಲ್ಲ ಕೇಳಿಸುತ್ತಿತ್ತು. "ಗಾಣ ಈವಮ್ಮಂದೇ ಅಲ್ವಾ? ಇನ್ಯಾರೋ ಕೂರ್ಸವ್ರೆ ಅಂತ ಒಬ್ಬ ಅಂತಿದ್ದ."

ಜೊತೆಗಾತಿ ಒರಳನ್ನೇ ನೋಡುತ್ತಿದ್ದಳು. ಉದಾರಿಯಂತೆ ಕೊಟ್ಟುಬಿಟ್ಟೆ ಎಂದು ಈಗ ಬರೆಯಬಹುದು. ಹಾಗಿರಲಿಲ್ಲ. ನನ್ನದು ಎಂದರೆ ಅವನು ಅಲ್ಲೇ ಮೋಟರು ನಿಲ್ಲಿಸಿ ಕೊಬ್ಬರಿ ತೋಡಿಸಿಕೊಳ್ಳುತ್ತಿದ್ದ. ಅವಳದು ಎಂದರೆ ಅದು ಇವತ್ತಿಗಷ್ಟೇ ಆಗುವುದಿಲ್ಲ, ನನ್ನ ಬಾಯಿಂದ ಬಂದ ಮೇಲೆ ಮುಂದೆಂದೂ ನನ್ನದಾಗುವುದಿಲ್ಲ. ಇಷ್ಟು ಸ್ಪಷ್ಟವಾಗಿ ಆಗ ಯೋಚಿಸಿದೆನೇ? ಗೊತ್ತಿಲ್ಲ.

"ಅವರದೇ" ಎಂದೆ.

"ನಿಮ್ಗೆಂಗೊತ್ತು?"

"ಅರಕಲಗೂಡಲ್ಲಿ ಮಾಡಿಸ್ದಾಗ ಜೊತೇಲಿದ್ದೆ."

ಅವನು ಸಮಾಧಾನದಿಂದ ಕಾಲು ಚಾಚಿದ. ಸ್ವಲ್ಪ ಹೊತ್ತು ಎಣ್ಣೆ ಇಳಿಯುವುದನ್ನು ಎಲ್ಲರ ಜೊತೆ ನಾನೂ ನೋಡಿದೆ. ಮರುದಿನ ಬೆಳಿಗ್ಗೆಗೆ ನನ್ನಲ್ಲಿಗೂ ಇಬ್ಬರು ಚೀಲ ತರುತ್ತೇವೆಂದಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವಳು ಏನೋ ಹೇಳಬೇಕೆಂದು ನನ್ನ ಕಡೆ ನೋಡಿದಳು, ಬಾಗಿಲವರೆಗೆ ಬರಲಿಲ್ಲ. ಬರುವಂತಿರಲಿಲ್ಲ. ಒರಳಿನಲ್ಲಿ ಆ ಮನುಷ್ಯನ ಕೊಬ್ಬರಿ ಇತ್ತು.