ದೇವರಿಗೆ ಹೇಳಿಕೊಂಡ ಜಡೆ

ಕಡೂರು ಸ್ಟೇಷನ್ನಿನಲ್ಲಿ ಬೀರೂರು ಕಡೆಯಿಂದ ರೈಲು ಬಂದು ನಿಂತರೆ ನಾನು ಇವತ್ತಿಗೂ ಕಿಟಕಿಗಳಲ್ಲಿ ಮುಖ ನೋಡುವುದಿಲ್ಲ, ಜಡೆ ನೋಡುತ್ತೇನೆ. ಯಾರೋ ಹೆಂಗಸು ಕಿಟಕಿಗೆ ಬೆನ್ನು ಮಾಡಿ ಕೂತಿದ್ದು, ಜಡೆ ಸ್ವಲ್ಪ ದಪ್ಪಗಿದ್ದರೆ ಸಾಕು, ಆ ಕಡೆಗೆ ನಾಲ್ಕು ಹೆಜ್ಜೆ ಹಾಕಿಬಿಟ್ಟಿರುತ್ತೇನೆ. ವಯಸ್ಸಾಯಿತು, ಬುದ್ಧಿ ಬರಲಿಲ್ಲ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಮುಂದಿನ ರೈಲಿಗೂ ಅದೇ ಕಥೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಭಾವನಿಗೆ ಬೀರೂರಿನಲ್ಲಿ ರೈಲ್ವೆ ಕೆಲಸ. ನಾನು ಕಡೂರಿನಲ್ಲಿ ಪ್ರೈಮರಿ ಸ್ಕೂಲ್ ಮೇಡಮ್ಮು. ಅಪ್ಪ ತೀರಿಕೊಂಡ ಮೇಲೆ ಅವ್ವ ತರೀಕೆರೆಯಲ್ಲಿ, ನಮ್ಮ ಹಳೇ ಮನೆಯಲ್ಲಿ, ಒಬ್ಬಳೇ ಇದ್ದಳು.

ಅಕ್ಕನ ಕೂದಲಿನ ಬಗ್ಗೆ ಹೇಳಲೇಬೇಕು. ಸೊಂಟ ದಾಟಿ ಕೆಳಕ್ಕಿತ್ತು. ಅವಳಿಗೆ ತಲೆಸ್ನಾನ ಮಾಡಿಸುವ ದಿನ ಅವ್ವನಿಗೆ ಬೇರೆ ಕೆಲಸವೇ ಆಗುತ್ತಿರಲಿಲ್ಲ. ಮೆಂತ್ಯ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಅಕ್ಕನಿಗೆ ಮಾತ್ರ. ನನಗೆ ಅಂಗಡಿ ಎಣ್ಣೆ. "ನಿನ್ನ ನಾಲ್ಕೆಳೆಗೆ ಇದೆಲ್ಲ ದಂಡ ಕಣೇ" ಎನ್ನುತ್ತಿದ್ದಳು ನನ್ನ ಹೆತ್ತ ತಾಯಿ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಅಕ್ಕನ ಎದೆಯಲ್ಲಿದ್ದ ಗಂಟು ಮೊದಲು ಗೊತ್ತಾದದ್ದು ಗಂಡನಿಗಲ್ಲ, ತಾಯಿಗಲ್ಲ, ಎದುರುಮನೆ ಗೆಳತಿಗೆ. ಅವಳು ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದವಳು. ಗೌರಿ ಹಬ್ಬದ ರವಿಕೆಗೆ ಅಳತೆ ತೆಗೆಯುವಾಗ ಟೇಪು ತಾಕಿದ್ದಕ್ಕೆ ಅಕ್ಕ ಮುಖ ಹಿಂಡಿದಳಂತೆ. "ಏನೇ ಅದು?" ಎಂದರೆ "ಏನಿಲ್ಲ ಬಿಡೇ" ಅಂದಳಂತೆ. ಗೆಳತಿ ಬಿಡುವ ಪೈಕಿ ಅಲ್ಲ. ಸೆರಗು ಸರಿಸಿ ನೋಡಿ, ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿ ಹೋಗಿ, ಅವತ್ತು ಮನೆಯಲ್ಲೇ ಇದ್ದ ಭಾವನನ್ನು ಕರೆತಂದಳು. ಆ ಗಂಟನ್ನು ಅಕ್ಕ ಎಷ್ಟೋ ತಿಂಗಳಿಂದ ಸೆರಗಿನಡಿ ಬಚ್ಚಿಟ್ಟುಕೊಂಡು ಓಡಾಡಿದ್ದಳು. ಯಾರಿಗೆ ತೋರಿಸುವುದು, ಹೇಗೆ ಹೇಳುವುದು ಎಂಬ ನಾಚಿಕೆಗೆ! ಆ ನಾಚಿಕೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಆಮೇಲೆ ತಿಂಗಳು ತಿಂಗಳು ಬಂದು ಇಂಜೆಕ್ಷನ್ ತೆಗೆದುಕೊಳ್ಳಬೇಕು, ಒಂದೂ ತಪ್ಪಿಸಬಾರದು ಎಂದರು. ಕಾಯಿಲೆಯ ಹೆಸರನ್ನು ನಮ್ಮ ಪೈಕಿ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. 'ಅದು' ಎನ್ನುತ್ತಿದ್ದೆವು.

ಆಪರೇಷನ್ ದಿನವೇ ಅವ್ವ ಮನೆದೇವರಿಗೆ ಹರಕೆ ಹೊತ್ತಿದ್ದಳು. ದೇವರು ಇರುವುದು ಅಜ್ಜಂಪುರದಿಂದ ಆಚೆ ಗುಡ್ಡದ ಮೇಲೆ. ನಮ್ಮಲ್ಲಿ ಮುತ್ತೈದೆಯರು ಮುಡಿ ಕೊಡುವುದೆಂದರೆ ತುದಿಯಲ್ಲಿ ಮೂರು ಬೆರಳಷ್ಟು, ಹೂಮುಡಿ. ತಲೆಗೂದಲು ತೆಗೆಸಿದರೆ ಗಂಡ ಸತ್ತವಳ ಹಾಗೆ ಎಂಬ ಭಯ. ಆದರೆ ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಯಾರನ್ನೂ ಕೇಳದೆ, ಗಟ್ಟಿಯಾಗಿ ಹೇಳಿಬಿಟ್ಟಳು: "ಸ್ವಾಮಿ, ನನ್ ಮಗಳನ್ನ ಉಳಿಸ್ಕೊಡು. ಅವಳ ಇಡೀ ಜಡೆ ಬುಡದಿಂದ ತಗ್ದು ನಿನ್ ಪಾದಕ್ಕೆ ಹಾಕ್ತೀನಿ." ಭಾವ ಪಕ್ಕದಲ್ಲೇ ನಿಂತಿದ್ದರು. ಅವರೂ ಕೈ ಮುಗಿದರು.

ಇಂಜೆಕ್ಷನ್ನಿಗೆ ಹೋಗುವುದೇ ಒಂದು ಪ್ರಯಾಣ. ಅಜ್ಜಂಪುರದಲ್ಲಿ ಅಕ್ಕ, ಗೆಳತಿ ಹತ್ತುತ್ತಿದ್ದರು. ಬೀರೂರಿನಲ್ಲಿ ಭಾವ ಪಾಸು ಹಿಡಿದು ಕಾಯುತ್ತಿದ್ದರು, ತರೀಕೆರೆಯಿಂದ ಬಸ್ಸಿಗೆ ಬಂದ ಅವ್ವ ಅವರ ಪಕ್ಕ. ಕಡೂರಿನಲ್ಲಿ ನಾನು, ಚಪಾತಿ ಡಬ್ಬಿ ಮತ್ತು ನೀರಿನ ಕೂಜದ ಜೊತೆ. ರೈಲು ಬಂದ ಕೂಡಲೇ ಬೋಗಿಗಳನ್ನೆಲ್ಲ ಹುಡುಕುವ ಪಾಡಿರಲಿಲ್ಲ. ಗೆಳತಿ ಅಕ್ಕನ ಜಡೆಯನ್ನೇ ಕಿಟಕಿಯಿಂದ ಹೊರಗೆ ಇಳಿಬಿಟ್ಟು ಆಡಿಸುತ್ತಿದ್ದಳು. "ಬಾವುಟ ಹಾರಿಸಿದೀನಿ, ಬಾರೇ ಮೇಡಮ್ಮೂ!" ಅಕ್ಕ ನಾಚಿಕೊಂಡು ಅವಳ ಕೈಗೆ ಹೊಡೆಯುತ್ತಿದ್ದಳು. ಆ ಸಂಕಟದಲ್ಲೂ ನಾವು ನಗುತ್ತಿದ್ದೆವು, ಈಗ ನೆನೆದರೆ ಹೇಗೆ ನಕ್ಕೆವೋ.

ಎರಡು ಮೂರು ಇಂಜೆಕ್ಷನ್ ಆದ ಮೇಲೆ ಬಾಚಣಿಗೆ ತುಂಬ ಕೂದಲು ಬಂತು. ಆಮೇಲೆ ದಿಂಬಿನ ತುಂಬ. ನರ್ಸು ಮೊದಲೇ ಹೇಳಿದ್ದಳಂತೆ, ಭಾವ ಯಾರಿಗೂ ಹೇಳುವ ಧೈರ್ಯ ಮಾಡಿರಲಿಲ್ಲ. ಅವ್ವ ಅಜ್ಜಂಪುರಕ್ಕೆ ಬಂದು ಬೀಡುಬಿಟ್ಟಳು. "ದೇವ್ರಿಗೆ ಹೇಳ್ಕಂಡಿರೋ ಕೂದ್ಲು, ಕಸಕ್ಕೆ ಹೋಗ್ಬಾರ್ದು" ಎಂದು ಒಂದೊಂದೇ ಎಳೆ ಆರಿಸಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಹೊರಸಿನ ಕೆಳಗೆ, ಬಚ್ಚಲಲ್ಲಿ, ಅಕ್ಕನ ಬೆನ್ನ ಮೇಲೆ ಅವಳ ಬೆರಳು ಹುಡುಕುತ್ತಲೇ ಇರುತ್ತಿದ್ದವು. ನನಗೆ ನೋಡಲಾಗುತ್ತಿರಲಿಲ್ಲ.

ತಲೆ ಪೂರ್ತಿ ಬರಿದಾದ ದಿನ ಅಕ್ಕ ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟು ಹೇಳಿದಳು, "ನಾನು ಇನ್ಮೇಲೆ ಬೆಂಗಳೂರಿಗೆ ಬರಲ್ಲ. ಗಂಡ ಗುಂಡುಕಲ್ಲಿನಂಗೆ ಕೂತಿರುವಾಗ ಈ ತಲೆ ಹೊತ್ಕಂಡು ರೈಲು ಹತ್ತಲಾ? ಸತ್ರೆ ಸಾಯ್ತೀನಿ." ಭಾವ ಬೇಡಿಕೊಂಡರು. ನಾನು ಬಾಯಿಗೆ ಬಂದಂತೆ ಬೈದೆ. ಅವ್ವ ಅತ್ತಳು. ಅಕ್ಕ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮುಂದಿನ ಇಂಜೆಕ್ಷನ್ನಿನ ದಿನ ಹತ್ತಿರ ಬರುತ್ತಿತ್ತು.

ಗೆಳತಿ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಚೌರಿ! ಎರಡು ದಿನದ ಹಿಂದೆ ಅವ್ವ ಸ್ನಾನಕ್ಕೆ ಹೋಗಿದ್ದಾಗ ಅರಿಶಿನದ ಗಂಟನ್ನು ಎತ್ತಿಕೊಂಡು ಹೋಗಿ, ಆ ಉದುರಿದ ಕೂದಲನ್ನೆಲ್ಲ ಬಿಡಿಸಿ, ಬಾಚಿ, ಕರಿ ಪಟ್ಟಿಗೆ ಮಿಷನ್ನಿನಲ್ಲಿ ಹೊಲಿದು ಜಡೆ ಮಾಡಿದ್ದಳು. ಅಕ್ಕನದೇ ಕೂದಲು, ಅಕ್ಕನದೇ ಜಡೆ.

ಅವ್ವ ಕೆಂಡವಾದಳು. "ಸ್ವಾಮಿಗೆ ಅಂತ ಎತ್ತಿಟ್ಟಿದ್ದನ್ನ ತಿರುಗಿ ತಲೆಗೆ ಇಡ್ತೀಯಲ್ಲೇ! ನಿಂಗೇನು ಬಂದದೆ ರೋಗ?"

"ಅವ್ವಾ, ಸ್ವಾಮಿ ಏನು ನಾಳೆನೇ ಜಡೆ ಹಾಕ್ಕಂಡು ಮದುವೆ ಮನೆಗೆ ಹೋಗ್ಬೇಕಾ?" ಎಂದಳು ಗೆಳತಿ. "ಇವಳು ಮೊದ್ಲು ಬದುಕ್ಲಿ. ಹೊಸ ಕೂದ್ಲು ಬರ್ತದೆ, ಅದನ್ನ ಕೊಡೀರಂತೆ. ಇದರ ಪಾಪ ನಂಗೇ ಬರ್ಲಿ."

ಅವ್ವ ಚೌರಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ತಾನೇ ಎದ್ದು ಹೋಗಿ ಮಲ್ಲಿಗೆ ದಂಡೆ ತಂದು ಚೌರಿಗೆ ಮುಡಿಸಿದಳು. ಮುಂದಿನ ಇಂಜೆಕ್ಷನ್ನಿನ ದಿನ ಕಡೂರಿಗೆ ರೈಲು ಬಂದಾಗ ಕಿಟಕಿಯಲ್ಲಿ ಬಾವುಟ ಹಾರುತ್ತಿತ್ತು. ಪ್ಲಾಟ್‌ಫಾರಂ ಮೇಲೆ ನಿಂತು ಅತ್ತುಬಿಟ್ಟೆ.

ಅಕ್ಕ ಒಂದೂ ಇಂಜೆಕ್ಷನ್ ತಪ್ಪಿಸಲಿಲ್ಲ. ಉಳಿದಳು. ಕೂದಲು ಮತ್ತೆ ಬಂತು, ಮೊದಲಿನ ಹಾಗಲ್ಲ, ಗುಂಗುರಾಗಿ. ಕಿವಿ ಮುಚ್ಚಿತು, ಭುಜ ಮುಟ್ಟಿತು. ಚೌರಿ ಎಣ್ಣೆ ಬೆವರಿಗೆ ಸವೆದು ಎಳೆಎಳೆಯಾಗಿ ಹೋಗಿತ್ತು. ಅಕ್ಕ ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಿದ್ದಳು, "ಅವ್ವಾ, ಹರಕೆ ತೀರಿಸ್ಬಿಡಾಣ." ಅವ್ವ ಪ್ರತಿ ಸಲ ಮುಂದೂಡುತ್ತಿದ್ದಳು. ಇಷ್ಟುದ್ದ ಸಾಲದು ಎಂದಳು. ಬೆನ್ನಿಗೆ ಬಂದಾಗ, ಮೊದಲಿನಷ್ಟಾಗಲಿ ಎಂದಳು. ಈ ವರ್ಷ ದಿನ ಚೆನ್ನಾಗಿಲ್ಲ ಎಂದಳು. ನನಗೆ ರೇಗಿ ಹೋಯಿತು. "ಏನವ್ವ ನಿಂದು? ಹರಕೆ ಹೊರೋಕೆ ಅವಸರ, ತೀರ್ಸೋಕೆ ಇಲ್ವಾ?" ಎಂದೆ.

ಅಕ್ಕ ಅತ್ತ ಹೋದದ್ದು ನೋಡಿ, ಅವ್ವ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಕೊಟ್ಬಿಟ್ರೆ ಅವನು ಮರ್ತುಬಿಡ್ತಾನೆ ಕಣೇ. ಬರ್ಬೇಕಾದ್ದು ಬಾಕಿ ಐತೆ ಅಂತ ಇದ್ರೆ ಅವಳ ಮೇಲೆ ಒಂದ್ ಕಣ್ಣಿಟ್ಟಿರ್ತಾನೆ."

ದೇವರನ್ನೇ ಕಾಯಿಸಿ ಇಡುವ ಈ ಯೋಚನೆ ಕೇಳಿ ನನಗೆ ನಗುವೂ ಬಂತು, ಭಯವೂ ಆಯಿತು. ವಾದಿಸಿದ್ದಕ್ಕೆ ಪ್ರಯೋಜನವಾಗಲಿಲ್ಲ. ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಮ್ಮವ್ವ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ವರ್ಷಕ್ಕೆ ಅಕ್ಕನಿಗೆ ಬೆನ್ನುನೋವು ಬಂತು. 'ಅದು' ಮತ್ತೆ ಬಂದಿತ್ತು, ಮೂಳೆಗೆ. ಮತ್ತೆ ಇಂಜೆಕ್ಷನ್ ಎಂದರು. ಈ ಸಲ ಅಕ್ಕ ಅಳಲಿಲ್ಲ. ಗೆಳತಿಯನ್ನು ಕರೆದು ಜಡೆ ಮುಂದಕ್ಕೆ ಹಾಕಿಕೊಂಡು ಕೂತಳು. "ಈ ಸಲ ಉದುರೋಕೆ ಬಿಡಲ್ಲ. ನಿನ್ನ ಕತ್ರಿ ತಗೊಂಡ್ ಬಾ. ಸ್ವಾಮಿದು ಸ್ವಾಮಿಗೆ ಕೊಟ್ಟು ಹಗುರಾಗಿ ಹೋಗ್ತೀನಿ."

ಗೆಳತಿ ಕಣ್ಣೀರು ಸುರಿಸುತ್ತಲೇ ತಮಾಷೆ ಮಾಡಿದಳು, "ಅಳತೆ ಎಷ್ಟು ಇಡ್ಲಮ್ಮಾ, ಗೇಣುದ್ದವೋ ಮೊಳದುದ್ದವೋ?" ಕತ್ತರಿ ಆಡಿತು. ಗುಡ್ಡ ಹತ್ತುವ ಶಕ್ತಿ ಅಕ್ಕನಿಗಿರಲಿಲ್ಲ. ಅವ್ವ ಜಡೆಯನ್ನು ಸೆರಗಿನಲ್ಲಿ ಇಸಿದುಕೊಂಡು, "ನಾನೇ ಹೋಗಿ ಕೊಟ್ಟು ಬತ್ತೀನಿ ಕಣವ್ವ" ಎಂದಳು. ಮಾರನೆಯ ದಿನ ಕುಂಕುಮ, ಬಿಲ್ವಪತ್ರೆ ತಂದು ಅಕ್ಕನ ಹಣೆಗಿಟ್ಟಳು. ಕೊಟ್ಟೆ ಎಂದಳು. ಅಕ್ಕ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು.

ಇಂಜೆಕ್ಷನ್ ಈ ಸಲ ಹಿಡಿಯಲಿಲ್ಲ. ಕೊನೆಕೊನೆಗೆ ಅಕ್ಕ ಹೊರಸು ಬಿಟ್ಟು ಏಳಲಾರದೆ ಹೋದಳು. ಗೆಳತಿ ಮಿಷನ್ನನ್ನೇ ಹೊತ್ತು ತಂದು ಅವಳ ಮಗ್ಗುಲಲ್ಲಿ ಇಟ್ಟುಕೊಂಡು ಹೊಲಿಯುತ್ತಿದ್ದಳು. ಮಿಷನ್ನಿನ ಸದ್ದು ನಿಂತರೆ ಅಕ್ಕ ಕಣ್ಣು ತೆರೆಯುತ್ತಿದ್ದಳು. ಭಾವ ರಜ ಹಾಕಿ ಗಂಜಿ ಕುಡಿಸುತ್ತಿದ್ದರು. ಅವ್ವ ತರೀಕೆರೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಹೀಗೆ ಬಂದ ಒಂದು ಮಧ್ಯಾಹ್ನ ಅವಳು ಅಕ್ಕನ ಕೆನ್ನೆ ಸವರಿದಾಗ, ಅಕ್ಕ ಆ ಕೈ ಹಿಡಿದು ಮೂಗಿಗೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಳು. ಅವ್ವನ ಮುಖ ನೋಡಿ ಸಣ್ಣಗೆ ನಕ್ಕಳು. ಆ ವಾರವೇ ಹೋದಳು.

ತಿಂಗಳಾದ ಮೇಲೆ ನಾನು ಹೇಳದೆ ಕೇಳದೆ ತರೀಕೆರೆಗೆ ಹೋದೆ. ಬೀದಿಬಾಗಿಲು ತೆರೆದಿತ್ತು. ಮೆಂತ್ಯ ಕಾಸಿದ ಎಣ್ಣೆಯ ವಾಸನೆ. ನಡುಮನೆಯ ಕಂಬದ ಮೊಳೆಗೆ ಅಕ್ಕನ ಜಡೆ ಕಟ್ಟಿತ್ತು. ಅವ್ವ ಅದರ ಹಿಂದೆ ಮಣೆ ಹಾಕಿಕೊಂಡು ಕೂತು, ಬಿಚ್ಚಿ, ಎಣ್ಣೆ ಹಚ್ಚಿ, ಬಾಚುತ್ತಿದ್ದಳು. "ಅಲುಗಾಡ್ಬೇಡ ಕಣವ್ವ, ಸಿಕ್ಕಾಗ್ತದೆ" ಎಂದು ಮೆಲ್ಲಗೆ ಹೇಳುತ್ತಿದ್ದಳು. ಅಕ್ಕ ಆ ಕೈಯನ್ನು ಯಾಕೆ ಮೂಸಿದಳು, ಯಾಕೆ ನಕ್ಕಳು ಎಂಬುದು ಆಗ ಗೊತ್ತಾಯಿತು. ಅವಳಿಗೆ ತಿಳಿದಿತ್ತು. ತಿಳಿದೂ ಸುಮ್ಮನೆ ಹೋಗಿದ್ದಳು.

"ಸುಳ್ ಹೇಳಿದ್ಯಾ ಅವ್ವ? ಸಾಯೋಳ ಹತ್ರ ಸುಳ್ ಹೇಳಿದ್ಯಾ?" ಕಿರುಚಿದೆ. ಕೆಟ್ಟ ಮಾತು ಇನ್ನೂ ಏನೇನೋ ಬಂದವು. "ಹೋದ್ಮೇಲಾದ್ರೂ ಕೊಡು. ಅವಳು ಹೋದ್ಲಲ್ಲ, ಇನ್ನೇನಕ್ಕೆ ಇಟ್ಕಂಡಿದೀಯ?"

ಅವ್ವ ಬಾಚುವುದು ನಿಲ್ಲಿಸಲಿಲ್ಲ. "ಕೊಟ್ರೆ, ಹೋದ್ಲು ಅಂತ ನಾನೂ ಒಪ್ಕಂಡಂಗೆ ಆಗ್ತದಲ್ಲೇ" ಎಂದಳು.

ಅವ್ವ ಇರುವವರೆಗೂ ಒಪ್ಪಲಿಲ್ಲ. ಅವಳಾದ ಮೇಲೆ ಆ ಜಡೆ, ಅರಿಶಿನದ ಬಟ್ಟೆಯ ಸಮೇತ, ಕಡೂರಿಗೆ ನನ್ನ ಮನೆಗೆ ಬಂತು. ನಾನು ಅವ್ವನ ಹಾಗಲ್ಲ, ಓದಿದವಳು, ಬಂದ ವಾರವೇ ಗುಡ್ಡಕ್ಕೆ ಹೋಗಿ ಕೊಟ್ಟು ಬರುತ್ತೇನೆ ಎಂದು ಎಲ್ಲರಿಗೂ ಸಾರಿದ್ದೆ. ಒಮ್ಮೆ ಅಜ್ಜಂಪುರದವರೆಗೂ ಹೋದೆ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ, ವಾಪಸ್ಸು ಬರುವ ರೈಲಿಗೆ ಬಂದುಬಿಟ್ಟೆ.

ಮೊನ್ನೆ ಗೆಳತಿ ಬಂದಿದ್ದಳು. ಅವಳಿಗೂ ಕಣ್ಣು ಮಂಜು, ಮಿಷನ್ ಬಿಟ್ಟು ಎಷ್ಟೋ ಕಾಲವಾಯಿತು. ಕಾಫಿ ಲೋಟ ಕೊಡಲು ಹೋದೆ. ಲೋಟ ಬಿಟ್ಟು ನನ್ನ ಕೈ ಹಿಡಿದಳು. ಮೂಗಿನ ಹತ್ತಿರ ತಂದುಕೊಂಡಳು.

"ಮೆಂತ್ಯದ ಎಣ್ಣೆ" ಎಂದಳು.

ಬೈಯುತ್ತಾಳೆ ಎಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದುಕೊಂಡು ನಿಧಾನಕ್ಕೆ ನೆಲದ ಮೇಲೆ ಕೂತಳು.

"ತಗೊಂಡ್ ಬಾರೇ" ಎಂದಳು. "ನಾನೂ ಒಂದ್ಸಲ ಬಾಚ್ತೀನಿ."