ನಿಂತ ನೋವು ಮತ್ತು ಮಾಯಕ್ಕ ತಾಯಿಯ ಕೃಪೆ

ಮಾಯಕ್ಕ ತಾಯಿಯ ಮಕ್ಕಳೆಲ್ಲರಿಗೂ ಕಬ್ಬೂರಿನಿಂದ ಶರಣು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟಿನಲ್ಲೇ ಬರೆಯುತ್ತೇನೆ, ತಾಯಿ ಬಲ್ಲಳು.

ಹೋದ ಮಾರ್ಚಿನಲ್ಲಿ ಮಗಳು ಸವಿತಾಳಿಗೆ ನಾಳೆ ಪಿಯುಸಿ ಜೀವಶಾಸ್ತ್ರ ಪರೀಕ್ಷೆ ಎನ್ನುವಾಗ ಹೊಕ್ಕುಳ ಸುತ್ತ ನೋವು ಶುರುವಾಯಿತು, ವಾಂತಿಯೂ ಆಯಿತು. ಮಧ್ಯಾಹ್ನದ ಹೊತ್ತಿಗೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ನನ್ನ ನಾದಿನಿ, ಅಂದರೆ ಗಂಡನ ಅಕ್ಕ, ಎಣ್ಣೆ ಬಟ್ಟಲು ಹಿಡಿದು ಬಂದೇಬಿಟ್ಟಳು. ಹೊಟ್ಟೆ ನೋವೆಂದರೆ ಹೊಕ್ಕುಳ ಜಾಗ ಬಿಟ್ಟಿದೆ, ಅಂದರೆ ಬಟ್ಟಿ ಸರಿದಿದೆ, ತಿಕ್ಕಿ ಕೂರಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಊರವರ ಹೊಟ್ಟೆಯನ್ನೆಲ್ಲ ತಿಕ್ಕಿ ಇವಳಿಗೆ ಡಾಕ್ಟರಿಗಿಂತ ಹೆಚ್ಚಿನ ಸೊಕ್ಕು.

"ಪ್ಯಾಟ್ಯಾಗ ವಡಾಪಾವ್ ತಿಂದಾಳ, ಬಟ್ಟಿ ಸರದೈತಿ. ಮಲಗ ಬೇ."

"ಮುಟ್ಟಬ್ಯಾಡ್ರಿ ಅತ್ತಿ! ಅಪೆಂಡಿಕ್ಸ್ ಇರಬೇಕು, ನಿನ್ನೇನ ಓದೀನಿ. ದೊಡ್ಡ ಕರುಳಿನ ಮೊದಲಿಗೆ ಸಣ್ಣ ಚೀಲ ಇರತೈತಿ. ಗಟ್ಟಿ ಮಲ ಸಿಕ್ಕೊಂಡ ಅದರ ಬಾಯಿ ಕಟ್ಟಿದ್ರ ಬಾತು ಕೀವಾಗತೈತಿ. ತಿಕ್ಕಿದ್ರ ಒಡೀತೈತಿ."

"ನಾಕ ಅಕ್ಷರ ಕಲ್ತು ನನಗ ಹೇಳಾಕ ಬಂದಾಳ!" ಎಂದು ತಿಕ್ಕಿಯೇ ತಿಕ್ಕಿದಳು. ನನ್ನ ಗಂಡ ಅಕ್ಕನ ಮುಂದೆ ಇದ್ದೂ ಇಲ್ಲದಂತೆ ಕುಳಿತರು. ನಾನು ದೇವರ ಜಗಲಿಯ ಮುಂದೆ ಜಗಳಕ್ಕೆ ನಿಂತೆ. "ಈ ನೋವು ನಿಲ್ಲಸವ್ವಾ, ಇಲ್ಲಂದ್ರ ನಿನಗ ಅರಿಷಿಣದ ಭಂಡಾರ ಏರಸೂದುಲ್ಲ."

ಸ್ವಲ್ಪ ಹೊತ್ತಿಗೆ ನೋವು ನಿಂತೇ ಹೋಯಿತು!

"ನೋಡಿದ್ಯಾ ನನ್ನ ಕೈಗುಣ?" ಎಂದಳು ನಾದಿನಿ. ನಾನು ತಾಯಿಗೆ ಅಡ್ಡಬಿದ್ದೆ. ಎದ್ದರೆ ಮಗಳ ಮುಖದಲ್ಲಿ ರಕ್ತವೇ ಇಲ್ಲ.

"ಯವ್ವಾ, ಹಿಂಗ ಒಮ್ಮೆಲೆ ನಿಂತ್ರ ಛಲೋ ಅಲ್ಲ. ಆ ಚೀಲ ಒಡದಿರಬೇಕು, ಬಿಗಿ ಇಳದು ನೋವ ನಿಂತೈತಿ, ಕೀವು ಹೊಟ್ಟಿ ತುಂಬ ಹರಡತೈತಿ. ದವಾಖಾನಿಗೆ ನಡಿ, ಇಲ್ಲಂದ್ರ ನಾ ಉಳಿಯೂದುಲ್ಲ."

ಅಯ್ಯೋ, ನಾನು ಬೇಡಿದ್ದೇ ಅವಳಿಗೆ ಮೃತ್ಯುವಾಗಿ ಬಂದಿತ್ತು! ನಾದಿನಿ ಬಾಗಿಲಿಗೆ ಅಡ್ಡ ನಿಂತಳು. "ನೋವ ನಿಂತ ಮ್ಯಾಲ ಎಲ್ಲಿಗೆ ಹೊಂಟಿ?"

ಮದುವೆಯಾದಾಗಿನಿಂದ ಅವಳಿಗೆ ಎದುರಾಡದ ನನ್ನ ಬಾಯಲ್ಲಿ ಅಂದು ತಾಯಿಯೇ ನಿಂತಳು. "ದಾರಿ ಬಿಡ್ರಿ ಅಕ್ಕಾರ! ಇಲ್ಲಂದ್ರ ಈ ಎಣ್ಣಿ ನಿಮ್ಮ ತಲಿಮ್ಯಾಲ ಸುರೂತೀನಿ."

ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಟಂಟಂ ಆಟೋ ನುಗ್ಗಿಸಿಕೊಂಡು ಚಿಕ್ಕೋಡಿಯ ದವಾಖಾನೆ ಮುಟ್ಟಿದೆವು. ಪರೀಕ್ಷಿಸಿದ ಡಾಕ್ಟರು ಕೂಡಲೇ ಆಪರೇಷನ್ ಮಾಡಿದರು. "ಒಡದಿತ್ರಿ. ಇನ್ನೊಂದೀಟ ತಡಾ ಮಾಡಿದ್ರ ಹುಡುಗಿ ಸಿಗತಿರಲಿಲ್ಲ" ಎಂದರು. ಸವಿತಾ ಉಳಿದಳು, ಮರುಪರೀಕ್ಷೆಯಲ್ಲಿ ಪಾಸೂ ಆದಳು.

ನಾದಿನಿ ಈಗಲೂ ಓಣಿಯಲ್ಲಿ ತನ್ನ ಕೈಗುಣದಿಂದಲೇ ಹುಡುಗಿ ಉಳಿದಳು ಎನ್ನುತ್ತಾಳೆ. ನಾನು ತಪ್ಪದೆ ಭಂಡಾರ ಏರಿಸುತ್ತೇನೆ. ನೋವು ನಿಲ್ಲಿಸು ಎಂದು ಬೇಡುವುದಿಲ್ಲ. ಮಗಳ ಬಾಯಿಂದ ನೀನು ಹೇಳಿದ್ದು ನನ್ನ ಕಿವಿಗೆ ಬೀಳಲಿ ಎನ್ನುತ್ತೇನೆ. ನಾದಿನಿಯನ್ನು ಕ್ಷಮಿಸುವ ಮನಸ್ಸು ಕೊಡು ಎಂದು ಮಾತ್ರ ಇನ್ನೂ ಕೇಳಿಲ್ಲ.