ನೀಲಿಗಟ್ಟಿದ ಬೆಳ್ಳಿ ನಾಣ್ಯ

ಪೂ ಯುಯೆಶ್ಯಾನ್, ಚೀನಾದ ಚಾಂಗ್ದೆ ಊರಿನ ಹಳೆಯ ನೂಲಿನ ಗಿರಣಿಯ ಹಿಂದಿನ ನಮ್ಮ ಓಣಿಯ ತಿರುವಿನಲ್ಲಿ ನಲವತ್ತು ವರ್ಷ ಅಕ್ಕಿಕಡುಬು ಬೇಯಿಸಿ ಮಾರಿದವರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಪೂ ಅಜ್ಜಿ. ಮಗುವಿನ ಮೈ ಬಿಸಿಯಾದರೆ ತಾಯಂದಿರು ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅಜ್ಜಿ ಮೊಟ್ಟೆ ಬೇಯಿಸಿ, ಹಳದಿಯನ್ನು ತೆಗೆದು, ಬಿಳಿಯ ನಡುವೆ ಬೆಳ್ಳಿಯ ನಾಣ್ಯವೊಂದನ್ನಿಟ್ಟು ಬಟ್ಟೆಯಲ್ಲಿ ಸುತ್ತಿ ಮಗುವಿನ ಬೆನ್ನ ಮೇಲೆ ಉರುಳಿಸುತ್ತಿದ್ದರು. ನಾಣ್ಯ ನೀಲಿಗಟ್ಟಿದರೆ ಜ್ವರ ಹೊರಬಂತೆಂದು ನಂಬಿಕೆ. ಆಮೇಲೆ ಅದನ್ನು ಬೂದಿಯಿಂದ ಉಜ್ಜಿ ತೆಗೆದಿಡುತ್ತಿದ್ದರು; ಆದರೂ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ.

ನಾನು ಉತ್ತರದವಳು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಮಕ್ಕಳಿಲ್ಲದ ನನಗೆ ಈ ಮೊಟ್ಟೆಯ ಸಂಗತಿ ಗೊತ್ತಿರಲಿಲ್ಲ. ಹಗಲು ಗಿರಣಿಯಲ್ಲಿ ದುಡಿದು, ಸಂಜೆಯ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿತು, ಹಳೆಯ ನಾಣ್ಯಗಳನ್ನು ಫೋನಿನ ನೇರ ಪ್ರಸಾರದಲ್ಲಿ ಪರೀಕ್ಷಿಸಿ ಮಾರುವವಳಾದೆ. ನಾನು ಅಸಲಿ ಎಂದದ್ದು ಅಂದೇ ಬಿಕರಿಯಾಗುತ್ತಿತ್ತು. ನಕಲಿ ಎಂದದ್ದನ್ನು ಮತ್ತೆ ಯಾರೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ನೋಡುವವರೆಲ್ಲ ನನ್ನನ್ನು ಲುವಾನ್ ಟೀಚರ್ ಎನ್ನುತ್ತಿದ್ದರು. ಆ ಮಾತಿನ ಬಲ ನನಗೆ ಹಿತವಾಗಿತ್ತು.

ಎರಡು ವರ್ಷದ ಹಿಂದಿನ ವಸಂತದಲ್ಲಿ ಅಜ್ಜಿ ಆ ನಾಣ್ಯವನ್ನು ತಂದರು. ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಗಾಗಿ ಅದನ್ನು ಮಾರಬೇಕಿತ್ತು.

"ಲುವಾನ್ ಟೀಚರ್, ನಮ್ಮಮ್ಮ ಕೊಟ್ಟಿದ್ದು. ಮಕ್ಕಳ ಕೆಲಸಕ್ಕೆ ಬಂದಿರೋ ನಾಣ್ಯ, ಅದಕ್ಕೇ ಸ್ವಲ್ಪ..."

"ಕಥೆ ಆಮೇಲೆ ಹೇಳಿ ಅಜ್ಜಿ, ಮೊದಲು ಕೊಡಿ," ಎಂದು ಕೈ ಚಾಚಿದೆ.

ಪ್ರಸಾರ ನಡೆದಿತ್ತು; ನೋಡುವವರು ಎರಡು ಸಾವಿರ ದಾಟಿದ್ದರು. ನಾಣ್ಯದ ಅಂಚಿನಲ್ಲಿ ನೀಲಿ, ಒಳಗೆ ಕೆಂಪು. ನಕಲಿ ಮಾಡುವವರು ಹಳತಾಗಿ ಕಾಣಲೆಂದು ಗಂಧಕದ ದ್ರಾವಣ ಬಳಿದಾಗ ಬರುವ ಬಣ್ಣವೇ ಅದು ಎನಿಸಿತು. ಅದರ ಮೇಲೆ ಮೂಡಿಸಿದ್ದ ತಲೆಯ ಕೂದಲಿನ ಗೆರೆಗಳು, ಅಚ್ಚಿನಲ್ಲಿ ಎರಕ ಹೊಯ್ದ ಸರಕಿನಲ್ಲಿರುವಂತೆ, ಮಸುಕಾಗಿದ್ದವು. ತಕ್ಕಡಿ ಮೊಣಕೈಯ ಬಳಿಯೇ ಇತ್ತು, ಭೂತಗನ್ನಡಿ ಕೊರಳಿನಲ್ಲಿತ್ತು. ಎರಡನ್ನೂ ಮುಟ್ಟದೆ ಹೇಳಿದೆ: "ನಕಲಿ. ಮೇಲೆ ಬೆಳ್ಳಿಯ ಲೇಪ ಅಷ್ಟೇ. ಒಳಗೆ ಸೀಸವೂ ಇದ್ದೀತು."

ಸೀಸದ ಮಾತು ಯಾರೂ ಕೇಳದೆ ನಾನೇ ಸೇರಿಸಿದ್ದು. ಅಜ್ಜಿ ನಾಣ್ಯವನ್ನು ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು.

ಓಣಿಯವರೆಲ್ಲ ಆ ಪ್ರಸಾರವನ್ನು ನೋಡಿದ್ದರು. ಮರುದಿನ ಬೆಳಿಗ್ಗೆ ನೂಡಲ್ಸ್ ಅಂಗಡಿಯ ಕ್ವಾಂಗ್ ಅಕ್ಕ ಕಡುಬಿನ ಒಲೆಯ ಮುಂದೆ ನಿಂತು ಕೂಗಿದ್ದು ನನ್ನ ಕಿಟಕಿಗೂ ಕೇಳಿಸಿತು.

"ನನ್ನ ಮೂರು ಮಕ್ಕಳ ಬೆನ್ನಿಗೆ ಸೀಸ ತಿಕ್ಕಿದ್ಯಲ್ಲ ಅಜ್ಜಿ! ದೊಡ್ಡೋನು ಲೆಕ್ಕದಲ್ಲಿ ಸೊನ್ನೆ ತಗೊಳ್ಳೋದು ಯಾಕೆ ಅಂತ ಈಗ ಗೊತ್ತಾಯ್ತು!"

"ಅವನು ಅಪ್ಪನ ಹಾಗೆ ಕಣೇ," ಎಂದರು ಅಜ್ಜಿ. ಯಾರೂ ನಗಲಿಲ್ಲ. ಆ ವಾರದಿಂದ ಕಡುಬು ಹಬೆಯಲ್ಲೇ ಉಳಿಯತೊಡಗಿತು; ಬಾಗಿಲು ತಟ್ಟುವವರೂ ಇಲ್ಲವಾದರು. ಅದನ್ನೆಲ್ಲ ಕಂಡೂ, ಸತ್ಯ ಹೇಳಿದವಳು ನಾನು ಎಂದುಕೊಂಡು ಸುಮ್ಮನಿದ್ದೆ.

ಮೂರು ವಾರದ ಮೇಲೆ ಪಕ್ಕದ ಜಿಲ್ಲೆಯವರೊಬ್ಬರು ಮಾರಲೆಂದು ಅಂಚೆಯಲ್ಲಿ ನಾಣ್ಯ ಕಳುಹಿಸಿದರು. ಅದೇ ನೀಲಿ, ಅದೇ ಕೆಂಪು, ಅದೇ ಸವೆತ. ನಕಲಿ ಎಂದು ಹಿಂದಿರುಗಿಸುವ ಮುನ್ನ, ನೋಡುವವರು ಯಾರೂ ಇರಲಿಲ್ಲವಾದ್ದರಿಂದ, ತೂಗಿದೆ. ತೂಕ ಸರಿಯಿತ್ತು. ಅಂಚಿನ ಗೀರುಗಳು ಸುತ್ತಲೂ ಒಂದೇ ಸಮ. ನಕಲಿಯಲ್ಲಿ ಕಾಣುವ ಎರಕದ ಬೆಸುಗೆಗೆರೆ ಎಲ್ಲಿಯೂ ಇಲ್ಲ. ಫೋನು ಮಾಡಿ, ಬಣ್ಣ ಎಲ್ಲಿಂದ ಬಂತೆಂದು ಕೇಳಿದೆ.

ಆತ ಬಿದ್ದು ಬಿದ್ದು ನಕ್ಕರು. "ಮೊಟ್ಟೆಯಿಂದ ಟೀಚರ್! ಇಷ್ಟು ವರ್ಷ ಇಲ್ಲಿ ಅನ್ನ ತಿಂದು ಇದೂ ಗೊತ್ತಿಲ್ವಾ?"

ಮೊಟ್ಟೆಯ ಬಿಳಿಯಲ್ಲಿ ಗಂಧಕವಿದೆ. ಸಂಜೆಯ ಶಾಲೆಯ ಪರೀಕ್ಷೆಯಲ್ಲಿ ಅದನ್ನೇ ಬರೆದು ನಾನು ತೇರ್ಗಡೆಯಾಗಿದ್ದೆ.

ಅಜ್ಜಿಯ ಬಾಗಿಲಿಗೆ ಹೋಗಲು ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ತಣ್ಣಗಾದ ಒಲೆಯ ಮುಂದೆಯೇ ಹಾದುಹೋದೆ. ಕಡೆಗೆ ತಕ್ಕಡಿ ಹಿಡಿದು ಹೋದಾಗ ಅವರು ನಾಣ್ಯವನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ತಟ್ಟೆಯ ಮೇಲಿಟ್ಟರು. ಉಜ್ಜಿ ಸವೆದಷ್ಟು ಕಳೆದರೆ ತೂಕ ಸರಿಯಾಗಿಯೇ ಇತ್ತು. ಅಂಚೂ ಸರಿ.

"ಅಸಲಿ ಅಜ್ಜಿ. ಇವತ್ತೇ ಪ್ರಸಾರದಲ್ಲಿ ಹೇಳ್ತೀನಿ. ಒಳ್ಳೆ ಬೆಲೆಗೆ ಮಾರಿಸಿಕೊಡ್ತೀನಿ, ಕಣ್ಣಿನ ಕೆಲಸ ಆಗುತ್ತೆ."

"ಕಣ್ಣು ಆಮೇಲೆ," ಎಂದರು ಅಜ್ಜಿ. "ಫೋನ್‌ನಲ್ಲಿ ಹೇಳಿ, ಬೇಡ ಅನ್ನಲ್ಲ. ಆದ್ರೆ ನಂಗೆ ಬಾಗಿಲು ಮುಚ್ಚಿದೋರು ಈ ಓಣಿಯೋರು. ಅವರ ಬಾಗಿಲಿಗೆ ಬಂದು ಹೇಳಿ. ನಾನೂ ಜೊತೇಲಿ ಬರ್ತೀನಿ."

ಹತ್ತೊಂಬತ್ತು ಮನೆಗಳು. ಮೊದಲನೆಯ ಮನೆಯಲ್ಲಿ ನಾನು ತಕ್ಕಡಿ, ತೂಕ, ಗಂಧಕ ಎಂದು ವಿವರಿಸತೊಡಗಿದೆ. ಅಜ್ಜಿ ನನ್ನ ತೋಳು ಮುಟ್ಟಿದರು. "ಪಾಠ ಬೇಡ ಟೀಚರ್."

ನಾಲ್ಕನೆಯದು ಕ್ವಾಂಗ್ ಅಕ್ಕನ ಮನೆ. ಆಕೆ ಹೊಸ್ತಿಲಿನಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತು ಪೂರ್ತಿ ಕೇಳಿದರು.

"ಸರಿ, ಬೆಳ್ಳಿನೇ. ಅವತ್ತು ಯಾಕೆ ತೂಗಲಿಲ್ಲ? ತಕ್ಕಡಿ ಮುಂದೇನೇ ಇತ್ತಲ್ಲ, ನಾನು ನೋಡಿದೀನಿ."

ಕಲಿತ ಮಾತುಗಳನ್ನು ಬಿಟ್ಟು ಹೇಳಿದೆ:

"ಅಷ್ಟು ಜನ ನೋಡ್ತಾ ಇದ್ರು. ತೂಗಿ ನೋಡಿದ್ರೆ, ಇವಳಿಗೆ ಕಣ್ಣಲ್ಲಿ ಗೊತ್ತಾಗಲ್ಲ ಅಂದ್ಕೋತಾರೆ ಅನ್ನಿಸ್ತು."

ಕ್ವಾಂಗ್ ಅಕ್ಕ ನನ್ನನ್ನು ಬಿಟ್ಟು ಅಜ್ಜಿಯ ಮುಖ ನೋಡಿದರು. "ನಾಳೆ ಒಲೆ ಹಚ್ತೀಯಾ? ನಂಗೆ ಆರು ಕಡುಬು ಬೇಕು," ಎಂದು ಒಳಗೆ ಹೋದರು.

ಅಜ್ಜಿ ಗೋಡೆ ಹಿಡಿದು, ಮುಂದಿನ ಮೆಟ್ಟಿಲನ್ನು ಕಾಲಿನಿಂದ ತಡಕಿದರು. ನಾನು ಕೈ ನೀಡಿದೆ. ಹಿಡಿಯಲಿಲ್ಲ.

"ಇನ್ನೂ ಹದಿನೈದು ಮನೆ ಇದೆ," ಎಂದರು. "ಈಗ ಹೇಳಿದ್ರಲ್ಲ, ಹಾಗೇ ಹೇಳಿ."